ಸಾವಧಾನ: ಮನಸ್ಸಿನ ಆರೋಗ್ಯಕ್ಕೆ ಎಚ್ಚರದ ಅಭ್ಯಾಸವು ಎಷ್ಟರಮಟ್ಟಿಗೆ ನೆರವಾಗುವುದು?

ವಿವಾಹಮಂಟಪದಲ್ಲಿ ವಧೂವರರ ನಡುವೆ ಅಂತಃಪಟವನ್ನು ಹಿಡಿದಿರುವಾಗ ಪುರೋಹಿತರು ‘ಸಾವಧಾನ’ ಎಂದು ಮತ್ತೆ ಮತ್ತೆ ಎಚ್ಚರಿಸುವುದನ್ನು ನಮ್ಮ ವಾಚಕರಲ್ಲಿ ಬಹುಮಂದಿ ಕೇಳಿರಬಹುದು. ಅವಧಾನದಿಂದ ಕೂಡಿರಿ, ಮನಸ್ಸನ್ನು ಅತ್ತಿತ್ತ ಹರಿಯಗೊಡದೆ ಈ ಮುಹೂರ್ತದಲ್ಲಿ ನಿಲ್ಲಿಸಿರಿ ಎಂಬುದು ಆ ಮಾತಿನ ಭಾವ. ಚಂದಕವಾಡಿಯಿಂದ ಚಾಮರಾಜನಗರಕ್ಕೆ ಹೊರಟವರನ್ನು ನೋಡಿ ಮನೆಯ ಹಿರಿಯರು ‘ಸಾವಧಾನವಾಗಿ ಹೋಗಿಬನ್ನಿ’ ಎನ್ನುವಾಗಲಾದರೋ ಅದೇ ಪದಕ್ಕೆ ‘ಆತುರವಿಲ್ಲದೆ’ ಎಂಬ ಅರ್ಥವು ಒದಗುತ್ತದೆ. ಗಮನವನ್ನೂ ನಿಧಾನವನ್ನೂ ನಮ್ಮ ಭಾಷೆಯು ಹೀಗೆ ಒಂದೇ ಪದದಲ್ಲಿ ಕೂಡಿಸಿ ಇಟ್ಟಿದೆ. ಆತುರಗಾರನಿಗೆ ಗಮನವಿಲ್ಲ, ಗಮನವಿದ್ದವನಿಗೆ ಆತುರವಿಲ್ಲ ಎಂಬ ಅನುಭವವೇ ಇದಕ್ಕೆ ಮೂಲವಾಗಿರಬೇಕು.

ಈ ಸಾವಧಾನವನ್ನೇ ಒಂದು ಅಭ್ಯಾಸವನ್ನಾಗಿ ಮಾಡಿ, ದಿನವೂ ಸ್ವಲ್ಪ ಹೊತ್ತು ಸಾಧಿಸಿದರೆ, ಚಿಂತೆ, ಭಯ, ವಿಷಾದ ಮೊದಲಾದ ಮನೋವ್ಯಥೆಗಳು ತಗ್ಗುವುವೆಂದು ಈಚಿನ ನಾಲ್ಕೈದು ದಶಕಗಳಿಂದ ವೈದ್ಯರಲ್ಲಿ ಅನೇಕರು ಹೇಳುತ್ತ ಬಂದಿದ್ದಾರೆ. ಸರ್ವರೋಗಕ್ಕೂ ಇದೊಂದೇ ಸಂಜೀವಿನಿಯೆಂದು ಸಾರುವವರೂ ಉಂಟು, ಇದೆಲ್ಲ ಬರಿಯ ಬೂಟಾಟಿಕೆಯೆಂದು ತಳ್ಳಿಹಾಕುವವರೂ ಉಂಟು. ಗೃಹಸ್ಥನಿಗೆ ಇವೆರಡರಿಂದಲೂ ಪ್ರಯೋಜನವಿಲ್ಲ. ಮನೆಯಲ್ಲಿ ಒಬ್ಬರಿಗೆ ನಿದ್ರೆ ಬಾರದು, ಅನ್ನ ಸೇರದು, ಮಾತು ಬೇಡವಾಗಿದೆ ಎಂದಾಗ ಏನು ಮಾಡತಕ್ಕುದು, ಏನು ಮಾಡಬಾರದು ಎಂಬುದೇ ಅವನಿಗೆ ಬೇಕಾದ ವಿಚಾರ. ಆದುದರಿಂದ ಈ ಅಭ್ಯಾಸವನ್ನು ಪರೀಕ್ಷಿಸಿದವರು ಏನನ್ನು ಕಂಡರು, ಎಷ್ಟನ್ನು ನಂಬಬಹುದು ಎಂಬುದನ್ನು ಇಲ್ಲಿ ಸಂಗ್ರಹವಾಗಿ ವಿವರಿಸುವೆವು.

ಅಭ್ಯಾಸದ ಸ್ವರೂಪವೂ ಮೂಲವೂ

ಈಗ ನಡೆಯುತ್ತಿರುವುದನ್ನು, ಉಸಿರಾಗಲಿ, ಮೈಯ ನೋವಾಗಲಿ, ಮನಸ್ಸಿನಲ್ಲಿ ಎದ್ದ ಯೋಚನೆಯಾಗಲಿ, ಅದನ್ನು ಒಳ್ಳೆಯದೆಂದು ಹಿಡಿಯದೆ, ಕೆಟ್ಟದೆಂದು ದಬ್ಬದೆ, ಇದ್ದದ್ದು ಇದ್ದಂತೆ ನೋಡುವುದೇ ಈ ಅಭ್ಯಾಸದ ಸಾರ. ಬೌದ್ಧರ ಪಾಲಿ ಗ್ರಂಥಗಳಲ್ಲಿ ಇದಕ್ಕೆ ‘ಸತಿ’ ಎಂದು ಹೆಸರು. ಸಂಸ್ಕೃತದ ‘ಸ್ಮೃತಿ’ಯೇ ಅದು. ೧೮೮೧ರಲ್ಲಿ ರೀಸ್ ಡೇವಿಡ್ಸ್ ಎಂಬ ಪಾಲಿ ವಿದ್ವಾಂಸರು ಈ ಪದವನ್ನು ಇಂಗ್ಲಿಷಿಗೆ ತರುವಾಗ ‘ಮೈಂಡ್‌ಫುಲ್‌ನೆಸ್’ ಎಂದು ಬಳಸಿದರು. ಇಂದು ಲೋಕವೆಲ್ಲ ಬಳಸುವ ಹೆಸರು ಅದೇ. ಪತಂಜಲಿಯ ಯೋಗದಲ್ಲಿ ಹೇಳಿರುವ ಧಾರಣೆ, ಧ್ಯಾನಗಳಿಗೂ ಇದಕ್ಕೂ ನಂಟು ಇಲ್ಲದಿಲ್ಲ. ಆದರೆ ಒಂದು ವಸ್ತುವಿನಲ್ಲಿ ಚಿತ್ತವನ್ನು ಕಟ್ಟಿ ನಿಲ್ಲಿಸುವುದು ಬೇರೆ, ಬಂದುದನ್ನೆಲ್ಲ ಬರಗೊಟ್ಟು ಸಾಕ್ಷಿಯಂತೆ ನೋಡುವುದು ಬೇರೆ ಎಂಬ ಭೇದವನ್ನು ನೆನಪಿನಲ್ಲಿಡಬೇಕು.

ಇದು ನಮ್ಮ ಸೀಮೆಗೆ ದೂರದ ವಿದ್ಯೆಯೇನೂ ಅಲ್ಲ. ನಮ್ಮ ಚಾಮರಾಜನಗರ ಜಿಲ್ಲೆಯ ಒಡೆಯರಪಾಳ್ಯದಲ್ಲಿ ೧೯೭೪ರಲ್ಲಿ ನೆಲೆಗೊಂಡ ಟಿಬೆಟಿಯನ್ನರ ವಸಾಹತಿನಲ್ಲಿಯೂ, ಅದಕ್ಕೂ ಮೊದಲು ಮೈಸೂರು ಜಿಲ್ಲೆಯ ಬೈಲಕುಪ್ಪೆಯಲ್ಲಿ ನೆಲೆಸಿದವರಲ್ಲಿಯೂ ಬೌದ್ಧ ಧ್ಯಾನಪದ್ಧತಿಗಳು ಉಳಿದುಬಂದಿವೆ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ತಿರುಮಲೈ ಕೃಷ್ಣಮಾಚಾರ್ಯರು ಯೋಗಶಾಲೆಯನ್ನು ನಡೆಸಿದುದೂ, ಅವರ ‘ಯೋಗಮಕರಂದ’ವು ೧೯೩೪ರಲ್ಲಿ ಕನ್ನಡದಲ್ಲಿಯೇ ಪ್ರಕಟವಾದುದೂ ಹಲವರಿಗೆ ತಿಳಿದ ಸಂಗತಿ.

ಮಠದಿಂದ ಪ್ರಯೋಗಶಾಲೆಗೆ

ಇಂಥ ವಿದ್ಯೆಗಳನ್ನು ಯಂತ್ರಗಳ ಮುಂದಿಟ್ಟು ಅಳೆದುನೋಡಬೇಕೆಂಬ ಹಂಬಲವು ಹೊಸದಲ್ಲ. ೧೯೨೪ರಲ್ಲಿ ಸ್ವಾಮಿ ಕುವಲಯಾನಂದರು ಲೋಣಾವಳದಲ್ಲಿ ಕೈವಲ್ಯಧಾಮವನ್ನು ಸ್ಥಾಪಿಸಿ ಯೋಗವನ್ನು ವೈಜ್ಞಾನಿಕವಾಗಿ ಪರಿಶೀಲಿಸಲು ತೊಡಗಿದರು. ಅದೇ ವರ್ಷ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಎಂ. ವಿ. ಗೋಪಾಲಸ್ವಾಮಿಯವರ ನೇತೃತ್ವದಲ್ಲಿ ಮನಶ್ಶಾಸ್ತ್ರ ವಿಭಾಗವು ಆರಂಭವಾಯಿತು. ೧೯೬೧ರಲ್ಲಿ ದೆಹಲಿಯ ಆನಂದ್, ಛೀನಾ, ಬಲದೇವ್ ಸಿಂಗ್ ಎಂಬ ಶರೀರವಿಜ್ಞಾನಿಗಳು ನಾಲ್ವರು ಯೋಗಿಗಳ ಮಿದುಳಿನ ವಿದ್ಯುತ್ತರಂಗಗಳನ್ನು ದಾಖಲೆಮಾಡಿ, ಬೆಳಕು ಸದ್ದುಗಳಿಂದ ಸಾಮಾನ್ಯರಲ್ಲಿ ಕದಡಿಹೋಗುವ ತರಂಗಗಳು ಸಮಾಧಿಯ ಸ್ಥಿತಿಯಲ್ಲಿ ಕದಡದೆ ನಿಂತುದನ್ನು ವರದಿಮಾಡಿದರು.

ಆದರೆ ಯೋಗಿಯ ಮಿದುಳಿನಲ್ಲಿ ಏನೋ ವಿಶೇಷವಿದೆಯೆಂದು ತೋರಿಸಿದ ಮಾತ್ರಕ್ಕೆ ಸಂಸಾರಿಯ ಸಂಕಟವು ನೀಗುವುದೆಂದು ಹೇಳಲಾಗದು. ಆ ಎರಡನೆಯ ಪ್ರಶ್ನೆಯನ್ನು ಎತ್ತಿಕೊಂಡವರಲ್ಲಿ ಮುಖ್ಯರಾದವರು ಅಮೆರಿಕದ ಜಾನ್ ಕಬಟ್-ಜಿನ್. ಅವರು ೧೯೭೯ರಲ್ಲಿ ಮೆಸಾಚೂಸೆಟ್ಸ್ ವಿಶ್ವವಿದ್ಯಾನಿಲಯದ ವೈದ್ಯಕೀಯ ಶಾಲೆಯಲ್ಲಿ, ದೀರ್ಘಕಾಲದ ನೋವಿನಿಂದ ನರಳುತ್ತಿದ್ದ ರೋಗಿಗಳಿಗಾಗಿ ಒಂದು ಶಿಕ್ಷಣಕ್ರಮವನ್ನು ಏರ್ಪಡಿಸಿದರು. ಅದರಲ್ಲಿ ಮತದ ಆಚಾರಗಳಿಲ್ಲ. ವಾರಕ್ಕೊಮ್ಮೆ ಪಾಠ, ಮನೆಯಲ್ಲಿ ದಿನವೂ ಅಭ್ಯಾಸ, ಉಸಿರನ್ನು ಗಮನಿಸುವುದು, ಮೈಯ ಒಂದೊಂದು ಭಾಗವನ್ನೂ ಮನಸ್ಸಿನಿಂದ ಸವರಿಕೊಂಡು ಬರುವುದು, ಹಿತವಾದ ಕೆಲವು ಆಸನಗಳು, ಇಷ್ಟೇ. ಕ್ರಮವು ಎಲ್ಲೆಡೆಯೂ ಒಂದೇ ಬಗೆಯದಾದುದರಿಂದ ಅದನ್ನು ಪರೀಕ್ಷಿಸುವುದು ಸುಲಭವಾಯಿತು.

ಪರೀಕ್ಷೆಯ ನ್ಯಾಯ

ಆ ಪರೀಕ್ಷೆಯ ಬಗೆಯನ್ನು ನಮ್ಮ ರೈತರಿಗೆ ಹೇಳಿಕೊಡಬೇಕಾದುದಿಲ್ಲ. ಅರಿಸಿನದ ಹೊಲಕ್ಕೆ ಹೊಸದೊಂದು ಗೊಬ್ಬರವನ್ನು ಹಾಕಿ, ಫಸಲು ಚೆನ್ನಾಗಿ ಬಂದಿತೆಂದರೆ ಅದು ಗೊಬ್ಬರದ ಗುಣವೋ ಮಳೆಯ ಗುಣವೋ ಹೇಗೆ ತಿಳಿಯಬೇಕು? ಒಂದೇ ಹೊಲದಲ್ಲಿ ಹಲವು ತುಂಡುಗಳನ್ನು ಮಾಡಿ, ಯಾವುದಕ್ಕೆ ಗೊಬ್ಬರ, ಯಾವುದಕ್ಕಿಲ್ಲವೆಂಬುದನ್ನು ಚೀಟಿಯೆತ್ತಿ ಗೊತ್ತುಮಾಡಿ, ಕೊನೆಗೆ ಎರಡರ ಇಳುವರಿಯನ್ನೂ ತೂಗಿನೋಡಿದರೆ ಸಂಶಯವು ಬಹುಮಟ್ಟಿಗೆ ಪರಿಹಾರವಾಗುವುದು. ೧೯೨೦ರ ದಶಕದಲ್ಲಿ ಇಂಗ್ಲೆಂಡಿನ ರೊಥಾಮ್‌ಸ್ಟೆಡ್ ಕೃಷಿಕೇಂದ್ರದಲ್ಲಿ ಆರ್. ಎ. ಫಿಶರ್ ಎಂಬ ಗಣಿತಜ್ಞರು ಈ ಉಪಾಯಕ್ಕೆ ಶಾಸ್ತ್ರದ ರೂಪವನ್ನು ಕೊಟ್ಟರು. ೧೯೪೮ರಲ್ಲಿ ಪ್ರಕಟವಾದ ಕ್ಷಯರೋಗದ ಔಷಧಿಯ ಪರೀಕ್ಷೆಯಿಂದ ಮುಂದೆ ವೈದ್ಯರೂ ಅದನ್ನೇ ಪ್ರಮಾಣವೆಂದು ಹಿಡಿದರು. ರೋಗಿಗಳನ್ನು ಚೀಟಿಯೆತ್ತಿದಂತೆ ಗುಂಪುಗಳಾಗಿ ವಿಂಗಡಿಸಿ, ಒಂದಕ್ಕೆ ಹೊಸ ಚಿಕಿತ್ಸೆಯನ್ನೂ ಇನ್ನೊಂದಕ್ಕೆ ಹಳೆಯದನ್ನೂ ಕೊಟ್ಟು ಹೋಲಿಸುವುದು. ‘ನನಗೆ ಗುಣವಾಯಿತು’ ಎಂಬ ಒಬ್ಬರ ಮಾತಿಗಿಂತ ಇದರ ಸಾಕ್ಷ್ಯವು ಎಷ್ಟೋ ಬಲವಾದುದು. ಏಕೆಂದರೆ ವಿಷಾದವೂ ಚಿಂತೆಯೂ ಮೋಡದಂತೆ ತಾವಾಗಿಯೇ ಕವಿಯುವುದೂ ತಾವಾಗಿಯೇ ಚದುರುವುದೂ ಉಂಟು.

ವಿಷಾದರೋಗದಲ್ಲಿ ಕಂಡ ಫಲ

ವಿಷಾದರೋಗ, ಎಂದರೆ ಖಿನ್ನತೆ, ಒಮ್ಮೆ ಗುಣವಾದರೂ ಮರುಕಳಿಸುವ ಸ್ವಭಾವದ್ದು. ಸೀಗಲ್, ವಿಲಿಯಮ್ಸ್, ಟೀಸ್‌ಡೇಲ್ ಎಂಬ ಮೂವರು ಮನೋವಿಜ್ಞಾನಿಗಳು ಈ ಮರುಕಳಿಕೆಯನ್ನು ತಡೆಯುವುದಕ್ಕಾಗಿ ಕಬಟ್-ಜಿನ್ನರ ಕ್ರಮವನ್ನು ಮಾರ್ಪಡಿಸಿದರು. ೨೦೦೦ದಲ್ಲಿ ಪ್ರಕಟವಾದ ಅವರ ಪರೀಕ್ಷೆಯಲ್ಲಿ, ಗುಣವಾಗಿದ್ದ ೧೪೫ ಮಂದಿ ಭಾಗಿಗಳಾಗಿದ್ದರು. ಹಿಂದೆ ಮೂರು ಅಥವಾ ಹೆಚ್ಚು ಸಲ ರೋಗಕ್ಕೆ ತುತ್ತಾಗಿದ್ದವರಲ್ಲಿ, ಸಾಮಾನ್ಯ ಚಿಕಿತ್ಸೆಯನ್ನು ಮಾತ್ರ ಪಡೆದವರಿಗೆ ನೂರಕ್ಕೆ ೬೬ರಂತೆ ರೋಗವು ಮರಳಿತು. ಅಭ್ಯಾಸವನ್ನೂ ಕಲಿತವರಿಗೆ ನೂರಕ್ಕೆ ೩೭ರಂತೆ. ಎರಡು ಸಲ ಮಾತ್ರ ರೋಗವನ್ನು ಕಂಡಿದ್ದವರಿಗೆ ಈ ಲಾಭವು ದೊರೆಯಲಿಲ್ಲವೆಂಬುದನ್ನೂ ಅವರು ಮರೆಮಾಚದೆ ಹೇಳಿದರು.

೨೦೧೫ರಲ್ಲಿ ಇಂಗ್ಲೆಂಡಿನ ವಿಲೆಮ್ ಕೈಕೆನ್ ಮತ್ತು ಸಂಗಡಿಗರು ೪೨೪ ರೋಗಿಗಳಲ್ಲಿ ಇನ್ನೂ ಕಠಿಣವಾದ ಹೋಲಿಕೆಯನ್ನು ಮಾಡಿದರು. ಒಂದು ಗುಂಪಿನವರು ಔಷಧಿಯನ್ನು ಮುಂದುವರಿಸಿದರು. ಮತ್ತೊಂದು ಗುಂಪಿನವರು ಅಭ್ಯಾಸವನ್ನು ಕಲಿತು, ವೈದ್ಯರ ಕಣ್ಣೆದುರಿನಲ್ಲಿ ಔಷಧಿಯನ್ನು ಮೆಲ್ಲಮೆಲ್ಲನೆ ಕಡಮೆಮಾಡಿಕೊಂಡರು. ಎರಡು ವರ್ಷಗಳ ಕೊನೆಗೆ ಔಷಧಿಯವರಲ್ಲಿ ನೂರಕ್ಕೆ ೪೭, ಅಭ್ಯಾಸದವರಲ್ಲಿ ನೂರಕ್ಕೆ ೪೪ ಮಂದಿಗೆ ರೋಗವು ಮರಳಿತು. ಅಭ್ಯಾಸವು ಔಷಧಿಯನ್ನು ಮೀರಿಸಲಿಲ್ಲ, ಅದಕ್ಕೆ ಸರಿಸುಮಾರಾಗಿ ನಿಂತಿತು. ಮರುವರ್ಷ ಅವರೇ ಒಂಬತ್ತು ಪರೀಕ್ಷೆಗಳ ೧,೨೫೮ ರೋಗಿಗಳ ಲೆಕ್ಕವನ್ನು ಒಟ್ಟುಗೂಡಿಸಿದಾಗ, ಅರವತ್ತು ವಾರಗಳೊಳಗಿನ ಮರುಕಳಿಕೆಯು ಅಭ್ಯಾಸಿಗಳಲ್ಲಿ ನೂರಕ್ಕೆ ೩೮, ಉಳಿದವರಲ್ಲಿ ನೂರಕ್ಕೆ ೪೯ ಎಂದು ತಿಳಿದುಬಂದಿತು.

ಚಿಂತೆ ಮತ್ತು ಭಯದ ರೋಗಗಳಲ್ಲಿ

೨೦೨೨ರಲ್ಲಿ ಅಮೆರಿಕದ ಎಲಿಜಬೆತ್ ಹೋಗೆ ಎಂಬ ವೈದ್ಯೆಯೂ ಸಂಗಡಿಗರೂ ಭಯ-ಆತಂಕಗಳ ರೋಗವಿದ್ದ ೨೭೬ ಮಂದಿಯನ್ನು ವಿಂಗಡಿಸಿ, ಕೆಲವರಿಗೆ ಎಸ್ಸಿಟಾಲೊಪ್ರಾಮ್ ಎಂಬ ಪ್ರಚಲಿತ ಔಷಧಿಯನ್ನೂ ಉಳಿದವರಿಗೆ ಎಂಟು ವಾರಗಳ ಅಭ್ಯಾಸವನ್ನೂ ಕೊಟ್ಟ ಪರೀಕ್ಷೆಯ ಫಲವನ್ನು ಪ್ರಕಟಿಸಿದರು. ರೋಗದ ಉಗ್ರತೆಯು ಎರಡು ಗುಂಪಿನಲ್ಲಿಯೂ ಹೆಚ್ಚುಕಡಮೆ ಸಮವಾಗಿಯೇ ಇಳಿಯಿತು. ಔಷಧಿಯವರಲ್ಲಿ ನೂರಕ್ಕೆ ಸುಮಾರು ೭೯ ಮಂದಿಗೆ ಯಾವುದಾದರೊಂದು ಅಡ್ಡಪರಿಣಾಮವು ಕಾಣಿಸಿಕೊಂಡರೆ, ಅಭ್ಯಾಸದವರಲ್ಲಿ ಅದು ನೂರಕ್ಕೆ ೧೫ರಷ್ಟು ಮಾತ್ರ. ಆದರೆ ಆ ಅಭ್ಯಾಸವು ಎರಡು ನಿಮಿಷ ಕಣ್ಣುಮುಚ್ಚುವುದಲ್ಲ. ವಾರಕ್ಕೊಮ್ಮೆ ಎರಡೂವರೆ ಗಂಟೆಯ ಪಾಠ, ದಿನವೂ ಮನೆಯಲ್ಲಿ ಮುಕ್ಕಾಲು ಗಂಟೆಯ ಸಾಧನೆ.

ಇವುಗಳಿಗೂ ಮುಂಚೆ, ೨೦೧೪ರಲ್ಲಿ, ಮಾಧವ ಗೋಯಲ್ ಎಂಬ ವೈದ್ಯರು ಸಹೋದ್ಯೋಗಿಗಳೊಡನೆ ೪೭ ಪರೀಕ್ಷೆಗಳನ್ನು, ಅವುಗಳ ೩,೫೧೫ ಮಂದಿಯನ್ನು, ಒಟ್ಟಿಗೆ ತೂಗಿನೋಡಿ ತೀರ್ಪನ್ನು ಕೊಟ್ಟಿದ್ದರು. ಆತಂಕ, ವಿಷಾದ, ನೋವು ಈ ಮೂರರಲ್ಲಿ ಅಭ್ಯಾಸದಿಂದ ಸ್ವಲ್ಪಮಟ್ಟಿನ ಆದರೆ ನಿಜವಾದ ಪ್ರಯೋಜನವುಂಟು. ಔಷಧಿ, ವ್ಯಾಯಾಮ ಮುಂತಾದ ಇತರ ಉಪಾಯಗಳಿಗಿಂತ ಇದು ಮೇಲೆಂಬುದಕ್ಕೆ ಆಧಾರವಿಲ್ಲ, ಎಂಬುದೇ ಆ ತೀರ್ಪು. ಇದುವರೆಗಿನ ಸಾಕ್ಷ್ಯದ ತಿರುಳು ಇಷ್ಟೇ ಎನ್ನಬಹುದು.

ಬೆಂಗಳೂರಿನ ಶೋಧನೆಗಳು

ಮೈಸೂರು ಸಂಸ್ಥಾನದ ಕಾಲದ ಮಾನಸಿಕ ಆಸ್ಪತ್ರೆಯೂ ೧೯೫೪ರಲ್ಲಿ ಅದರ ಮಗ್ಗುಲಲ್ಲಿ ಆರಂಭವಾದ ಅಖಿಲ ಭಾರತ ಸಂಸ್ಥೆಯೂ ೧೯೭೪ರಲ್ಲಿ ಒಂದಾಗಿ ಬೆಂಗಳೂರಿನ ನಿಮ್ಹಾನ್ಸ್ ಆಯಿತು. ಜಾನಕೀರಾಮಯ್ಯ, ಬಿ. ಎನ್. ಗಂಗಾಧರ್ ಮತ್ತು ಸಂಗಡಿಗರು ಅಲ್ಲಿ ನಡೆಸಿ ೨೦೦೦ದಲ್ಲಿ ಪ್ರಕಟಿಸಿದ ಪರೀಕ್ಷೆಯೊಂದು ಹೆಸರುವಾಸಿಯಾದುದು. ತೀವ್ರವಾದ ವಿಷಾದರೋಗದಿಂದ ಆಸ್ಪತ್ರೆಗೆ ಸೇರಿದ್ದ ೪೫ ಮಂದಿಯನ್ನು ಹದಿನೈದು ಹದಿನೈದರಂತೆ ವಿಂಗಡಿಸಿ, ಒಂದು ಗುಂಪಿಗೆ ಸುದರ್ಶನ ಕ್ರಿಯೆಯೆಂಬ ಉಸಿರಾಟದ ಅಭ್ಯಾಸವನ್ನೂ, ಇನ್ನೊಂದಕ್ಕೆ ಇಮಿಪ್ರಮೈನ್ ಎಂಬ ಔಷಧಿಯನ್ನೂ, ಮತ್ತೊಂದಕ್ಕೆ ವಿದ್ಯುತ್ ಚಿಕಿತ್ಸೆಯನ್ನೂ ನಾಲ್ಕು ವಾರ ಕೊಟ್ಟರು. ನೂರಕ್ಕೆ ಲೆಕ್ಕಹಾಕಿದರೆ ರೋಗವು ಶಮನವಾದುದು ವಿದ್ಯುತ್ ಚಿಕಿತ್ಸೆಯಲ್ಲಿ ೯೩, ಔಷಧಿಯಲ್ಲಿ ೭೩, ಉಸಿರಾಟದಲ್ಲಿ ೬೭. ಉಸಿರಾಟದ ಅಭ್ಯಾಸವು ಔಷಧಿಯ ಸಮೀಪಕ್ಕೆ ಬಂದಿತು, ಆದರೆ ವಿದ್ಯುತ್ ಚಿಕಿತ್ಸೆಗೆ ಸಾಟಿಯಾಗಲಿಲ್ಲ. ಉಸಿರನ್ನು ಒಂದು ಲಯದಲ್ಲಿ ನಡೆಸುವ ಈ ಕ್ರಿಯೆಯೂ ಉಸಿರನ್ನು ಸುಮ್ಮನೆ ನೋಡುವ ಸಾವಧಾನವೂ ಒಂದೇ ಅಲ್ಲವಾದರೂ ಅಕ್ಕಪಕ್ಕದ ಮನೆಗಳು. ಅದೇ ಸಂಸ್ಥೆಯಿಂದ ೨೦೧೧ರಲ್ಲಿ ಪ್ರಕಟವಾದ ಚಿಕ್ಕ ಅಧ್ಯಯನವೊಂದರಲ್ಲಿ, ಹನ್ನೆರಡು ಮಂದಿ ಆರೋಗ್ಯವಂತರು ಓಂಕಾರವನ್ನು ಉಚ್ಚರಿಸುವಾಗ ಭಾವೋದ್ವೇಗಕ್ಕೆ ಸಂಬಂಧಪಟ್ಟ ಮಿದುಳಿನ ಭಾಗಗಳ ಚಟುವಟಿಕೆಯು ಇಳಿದುದೂ, ಬರಿಯ ‘ಸ್‌ಸ್‌ಸ್’ ಎಂಬ ಸದ್ದನ್ನು ಮಾಡುವಾಗ ಹಾಗೆ ಇಳಿಯದೆ ಇದ್ದುದೂ ಕಂಡುಬಂದಿತು. ಹನ್ನೆರಡು ಮಂದಿಯಿಂದ ಸಿದ್ಧಾಂತವನ್ನು ಕಟ್ಟಲಾಗದು. ಮುಂದಿನ ದಾರಿಯನ್ನು ತೋರಿಸಲು ಮಾತ್ರ ಅದು ಸಾಕು.

ಮೆಲುಕು ಹಾಕುವ ಮನಸ್ಸು

ಈ ಅಭ್ಯಾಸವು ಫಲಕೊಡುವುದಕ್ಕೆ ಕಾರಣವೇನು? ೨೦೧೦ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ೨,೨೫೦ ಮಂದಿಯನ್ನು ದಿನದ ನಾನಾ ಹೊತ್ತಿನಲ್ಲಿ ‘ಈಗ ಏನು ಮಾಡುತ್ತಿರುವಿರಿ, ಏನನ್ನು ಯೋಚಿಸುತ್ತಿರುವಿರಿ’ ಎಂದು ಕೇಳಿದಾಗ, ನೂರಕ್ಕೆ ಸುಮಾರು ೪೭ರಷ್ಟು ವೇಳೆ ಅವರ ಮನಸ್ಸು ಕೈಯಲ್ಲಿದ್ದ ಕೆಲಸವನ್ನು ಬಿಟ್ಟು ಬೇರೆಡೆ ಅಲೆಯುತ್ತಿತ್ತು. ಅಲೆಯುತ್ತಿದ್ದಾಗ ಅವರ ಸಂತೋಷವೂ ಕಡಮೆಯಾಗಿತ್ತು. ದನವು ಮೇವನ್ನು ಮೆಲುಕುಹಾಕಿದರೆ ಅದು ಜೀರ್ಣವಾಗುತ್ತದೆ. ಮನುಷ್ಯನು ಅವಮಾನವನ್ನೂ ನಷ್ಟವನ್ನೂ ಮೆಲುಕುಹಾಕಿದರೆ ಅದು ಇನ್ನಷ್ಟು ಗಟ್ಟಿಯಾಗುತ್ತದೆ. ಒಂಬತ್ತು ತಿಂಗಳು ಸಾಕಿದ ಅರಿಸಿನಕ್ಕೆ ಬೆಲೆ ಬಿದ್ದೀತೆಂಬ ಭಯದಿಂದ ರೈತನು ಇರುಳೆಲ್ಲ ಹೊರಳಾಡಿದರೆ, ಬೆಲೆಯು ಬೀಳುವುದಕ್ಕೆ ಮೊದಲೇ ನೂರು ಸಲ ಬಿದ್ದ ದುಃಖವನ್ನು ಅವನು ಅನುಭವಿಸಿರುತ್ತಾನೆ. ‘ಎಲ್ಲವೂ ಕೆಟ್ಟಿತು’ ಎಂಬುದು ಮನಸ್ಸಿನಲ್ಲಿ ಎದ್ದ ಒಂದು ಯೋಚನೆ, ಅದೇ ಸತ್ಯವಲ್ಲ, ಎಂದು ಗುರುತಿಸುವ ಶಕ್ತಿಯನ್ನು ಅಭ್ಯಾಸವು ಬೆಳೆಸುತ್ತದೆ. ಮರುಕಳಿಕೆಯು ತಗ್ಗುವುದಕ್ಕೆ ಇದೇ ಮುಖ್ಯ ಕಾರಣವಿರಬೇಕೆಂದು ಅದನ್ನು ರೂಪಿಸಿದವರ ಅಭಿಪ್ರಾಯ.

ನಾಣ್ಯದ ಇನ್ನೊಂದು ಮುಖ

ಇಷ್ಟು ಹೇಳಿ ನಿಲ್ಲಿಸಿದರೆ ವಾಚಕರಿಗೆ ಅನ್ಯಾಯಮಾಡಿದಂತಾಗುವುದು. ಶಾಲೆಯ ಮಕ್ಕಳಿಗೆಲ್ಲ ಇದನ್ನು ಕಲಿಸಿದರೆ ಮುಂದೆ ರೋಗವೇ ಬಾರದೆಂಬ ಆಸೆಯಿಂದ ಇಂಗ್ಲೆಂಡ್ ಮುಂತಾದ ಕಡೆ ಎಂಟು ಸಾವಿರಕ್ಕೂ ಮಿಕ್ಕ ವಿದ್ಯಾರ್ಥಿಗಳಲ್ಲಿ ಮಾಡಿದ ಪರೀಕ್ಷೆಯ ಫಲವು ೨೦೨೨ರಲ್ಲಿ ಹೊರಬಂದಿತು. ಮಾಮೂಲು ಪಾಠಗಳಿಗಿಂತ ಇದರಿಂದ ಹೆಚ್ಚಿನ ಲಾಭವಾಗಲಿಲ್ಲ. ಬಹುಮಂದಿ ಮಕ್ಕಳು ಮನೆಯಲ್ಲಿ ಅಭ್ಯಾಸವನ್ನೇ ಮಾಡಲಿಲ್ಲ. ಎಂಟು ವಾರದಲ್ಲಿ ಮಿದುಳಿನ ಆಕಾರವೇ ಬದಲಾಗುವುದೆಂದು ಹಿಂದೆ ಚಿಕ್ಕ ಅಧ್ಯಯನಗಳಿಂದ ಹಬ್ಬಿದ ಸುದ್ದಿಯೂ, ಅದೇ ವರ್ಷ ಹೆಚ್ಚು ಜನರಲ್ಲಿ ನಡೆಸಿದ ಪರೀಕ್ಷೆಯಲ್ಲಿ ನಿಲ್ಲಲಿಲ್ಲ. ಧ್ಯಾನದಿಂದ ಕೆಲವರಿಗೆ ಆತಂಕವೂ ವಿಷಾದವೂ ಹೆಚ್ಚುವುದುಂಟೆಂದು ೨೦೨೦ರ ಒಂದು ಸಮೀಕ್ಷೆಯು ತೋರಿಸಿದೆ. ೮೩ ಅಧ್ಯಯನಗಳನ್ನು ಪರಿಶೀಲಿಸಿದ ಅದರ ಲೆಕ್ಕದಲ್ಲಿ ಇಂಥವರು ನೂರಕ್ಕೆ ಎಂಟು ಮಂದಿ. ಹಿಂದೆ ಮತಿಭ್ರಮಣೆಯಾಗಿದ್ದವರೂ, ಘೋರವಾದ ಆಘಾತವನ್ನು ಕಂಡವರೂ ವೈದ್ಯರನ್ನು ಕೇಳದೆ ದೀರ್ಘಕಾಲದ ಧ್ಯಾನಶಿಬಿರಗಳಿಗೆ ಹೋಗಬಾರದು.

ಇದಕ್ಕಿಂತ ದೊಡ್ಡ ಎಚ್ಚರಿಕೆಯೊಂದುಂಟು. ಸಾಲಗಾರನ ಸಾಲವನ್ನು ಉಸಿರಾಟವು ತೀರಿಸದು. ಕುಡಿದು ಬಂದು ಹೊಡೆಯುವ ಗಂಡನ ಮನೆಯಲ್ಲಿ ಹೆಣ್ಣುಮಗಳಿಗೆ ಬೇಕಾದುದು ರಕ್ಷಣೆಯೇ ಹೊರತು ‘ಸಾವಧಾನವಾಗಿರು’ ಎಂಬ ಬುದ್ಧಿವಾದವಲ್ಲ. ನೋವಿಗೆ ಹೊರಗೆ ಕಾರಣವಿರುವಾಗ ಆ ಕಾರಣವನ್ನು ನೀಗಿಸುವುದೇ ಮೊದಲ ಚಿಕಿತ್ಸೆ. ಅದನ್ನು ಮಾಡಲು ಬೇಕಾದ ಸ್ಥೈರ್ಯವನ್ನು ಅಭ್ಯಾಸವು ಕೊಟ್ಟರೆ ಅದೇ ದೊಡ್ಡ ಉಪಕಾರ.

ಮನೆಯಲ್ಲಿ ತೊಡಗುವ ಬಗೆ

ತೊಡಗಬೇಕೆನ್ನುವವರು ಬೆಳಗ್ಗೆಯೋ ಸಂಜೆಯೋ ಹತ್ತು ನಿಮಿಷಗಳನ್ನು ಗೊತ್ತುಮಾಡಿಕೊಳ್ಳಲಿ. ಚಾಪೆಯ ಮೇಲಾಗಲಿ ಕುರ್ಚಿಯ ಮೇಲಾಗಲಿ ಬೆನ್ನು ನೆಟ್ಟಗಿರುವಂತೆ, ಮೈ ಬಿಗಿಯದಂತೆ ಕುಳಿತು, ಮೂಗಿನ ಹೊಳ್ಳೆಗಳಲ್ಲಿ ಉಸಿರು ಬಂದುಹೋಗುವುದನ್ನು ಗಮನಿಸಬೇಕು. ಉಸಿರನ್ನು ಎಳೆಯುವುದೂ ಹಿಡಿಯುವುದೂ ಬೇಡ. ಸ್ವಲ್ಪ ಹೊತ್ತಿನಲ್ಲಿಯೇ ಮನಸ್ಸು ಹೊಲಕ್ಕೋ ಕಚೇರಿಗೋ ಅಡಿಗೆಮನೆಗೋ ಓಡಿರುತ್ತದೆ. ಓಡಿದುದು ಸೋಲಲ್ಲ. ಓಡಿತೆಂದು ತಿಳಿದ ಕ್ಷಣವೇ ಎಚ್ಚರದ ಕ್ಷಣ. ಕರುವನ್ನು ಬೈಯದೆ ಹೊಡೆಯದೆ ಕೊಟ್ಟಿಗೆಗೆ ಕರೆತರುವಂತೆ ಅದನ್ನು ಮತ್ತೆ ಉಸಿರಿಗೆ ಕರೆತರಬೇಕು. ಹತ್ತು ನಿಮಿಷದಲ್ಲಿ ನೂರು ಸಲ ಕರೆತಂದರೂ ಅಭ್ಯಾಸವು ಸರಿಯಾಗಿಯೇ ನಡೆಯಿತೆಂದು ತಿಳಿಯಬೇಕು.

ಕುಳಿತುಕೊಳ್ಳಲು ಬಿಡುವಿಲ್ಲದ ಗೃಹಿಣಿಯರು ಅಕ್ಕಿಯಲ್ಲಿ ಕಲ್ಲನ್ನು ಆರಿಸುವಾಗ, ಬಾಗಿಲಲ್ಲಿ ರಂಗೋಲಿಯಿಡುವಾಗ, ಆ ಒಂದು ಕೆಲಸದಲ್ಲಿಯೇ ಕಣ್ಣನ್ನೂ ಬೆರಳನ್ನೂ ಮನಸ್ಸನ್ನೂ ಇಡಬಹುದು. ನಿದ್ರೆ ಬಾರದವರು ಹಾಸಿಗೆಯಲ್ಲಿ ಅಂಗಾತ ಮಲಗಿ ಪಾದದಿಂದ ನೆತ್ತಿಯವರೆಗೆ ಒಂದೊಂದು ಅಂಗವನ್ನೂ ಮನಸ್ಸಿನಿಂದ ಮುಟ್ಟುತ್ತ ಬರಬಹುದು. ಅಭ್ಯಾಸದಿಂದ ಕಳವಳವು ಏರುವುದಾದರೆ ಕಣ್ಣುತೆರೆದು ಎದ್ದು ಓಡಾಡುವುದೇ ಸರಿ, ಹಟದಿಂದ ಕೂರಬಾರದು. ಎರಡು ತಿಂಗಳು ಬಿಡದೆ ನಡೆಸಿದ ಮೇಲೆ ಅದರ ಗುಣವನ್ನು ಎಣಿಸಿದರೆ ಸಾಕು.

ವೈದ್ಯರ ಬಾಗಿಲು

೨೦೧೫-೧೬ರಲ್ಲಿ ನಿಮ್ಹಾನ್ಸ್ ಹನ್ನೆರಡು ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ ವಯಸ್ಕರ ಪೈಕಿ ನೂರಕ್ಕೆ ೧೦.೬ ಮಂದಿ ಯಾವುದಾದರೊಂದು ಮನೋರೋಗದಿಂದ ನರಳುತ್ತಿದ್ದರೆಂದೂ, ಅವರಲ್ಲಿ ಬಹುಪಾಲು ಜನರಿಗೆ ಚಿಕಿತ್ಸೆಯೇ ದೊರೆಯುತ್ತಿರಲಿಲ್ಲವೆಂದೂ ತಿಳಿದುಬಂದಿತು. ಹೀಗಿರಲಾಗಿ, ಸಾವಧಾನದ ಅಭ್ಯಾಸವು ವೈದ್ಯರ ಬಾಗಿಲನ್ನು ತಟ್ಟದಿರುವುದಕ್ಕೆ ನೆಪವಾಗಕೂಡದು. ಎರಡು ವಾರಗಳಿಗೂ ಮೀರಿ ನಿದ್ರಾಹಾರಗಳು ಕೆಟ್ಟು, ಯಾವುದರಲ್ಲಿಯೂ ಆಸೆಯಿಲ್ಲದೆ, ಬದುಕೇ ಬೇಡವೆಂಬ ಮಾತು ಬಾಯಿಂದ ಬಂದರೆ ಅಂಥವರನ್ನು ಒಂಟಿಯಾಗಿ ಬಿಡದೆ ಕೂಡಲೆ ಆಸ್ಪತ್ರೆಗೆ ಕರೆದೊಯ್ಯಬೇಕು. ೨೦೨೨ರ ಅಕ್ಟೋಬರ್ ೧೦ರಂದು ಸರ್ಕಾರವು ಆರಂಭಿಸಿದ ‘ಟೆಲಿ-ಮಾನಸ್’ ಎಂಬ ದೂರವಾಣಿ ಸೇವೆಗೆ ೧೪೪೧೬ ಎಂಬ ಸಂಖ್ಯೆಯಲ್ಲಿ ಹಣವಿಲ್ಲದೆ ಮಾತನಾಡಬಹುದು. ಕನ್ನಡದಲ್ಲಿಯೇ ಉತ್ತರವು ದೊರೆಯುವುದು. ಈಗಾಗಲೆ ಔಷಧಿಯನ್ನು ಸೇವಿಸುತ್ತಿರುವವರು, ಧ್ಯಾನದಿಂದ ಹಿತವಾಯಿತೆಂದು ತಾವಾಗಿಯೇ ಮಾತ್ರೆಯನ್ನು ನಿಲ್ಲಿಸುವುದು ಅಪಾಯ. ಮೇಲೆ ಹೇಳಿದ ೪೨೪ ಮಂದಿಯ ಪರೀಕ್ಷೆಯಲ್ಲಿ ಔಷಧಿಯನ್ನು ಇಳಿಸಿದುದು ವೈದ್ಯರ ಮೇಲ್ವಿಚಾರಣೆಯಲ್ಲಿ, ಅದೂ ಮೆಲ್ಲಮೆಲ್ಲನೆ, ಎಂಬುದನ್ನು ಮರೆಯಲಾಗದು.

ಒಟ್ಟಿನಲ್ಲಿ ಹೇಳುವುದಾದರೆ, ಸಾವಧಾನದ ಅಭ್ಯಾಸವು ಪವಾಡವೂ ಅಲ್ಲ, ಪೊಳ್ಳೂ ಅಲ್ಲ. ಅದಕ್ಕೆ ಬೇಕಾದುದು ದುಡ್ಡಲ್ಲ, ದಿನದಿನದ ತಾಳ್ಮೆ. ಮನೆಯಲ್ಲಿ ಯಾರಿಗಾದರೂ ಮನಸ್ಸು ಭಾರವಾಗಿದ್ದರೆ ಮೊದಲು ಅವರ ಮಾತನ್ನು ಪೂರ್ತಿಯಾಗಿ ಕೇಳುವುದು, ಬೇಕಾದರೆ ವೈದ್ಯರಲ್ಲಿಗೆ ಜೊತೆಯಾಗಿ ಹೋಗುವುದು, ಆಮೇಲೆ ಅವರೊಡನೆ ಕುಳಿತು ಹತ್ತು ನಿಮಿಷ ಉಸಿರನ್ನು ಗಮನಿಸುವುದು: ಈ ಕ್ರಮದಲ್ಲಿ ನಡೆದರೆ ವಿಜ್ಞಾನವು ಇದುವರೆಗೆ ಕಂಡುಕೊಂಡುದರ ಸತ್ಫಲವು ನಮ್ಮ ಗೃಹಸ್ಥರಿಗೆ ಲಭಿಸುವುದರಲ್ಲಿ ಸಂದೇಹವಿಲ್ಲ.